ಸ್ವಲ್ಪ ಕಾಣಿ ಮಾರಾಯ್ರೆ! – ‘ಸ್ಕ್ಯಾವೆಂಜರ್ಸ್ ರೇನ್’ ಎಂಬ ವಿಚಿತ್ರ ಲೋಕ

ಕನ್ನಡ ಸಂಘದ ಶನಿವಾರದ ಸಿನಿಮಾ ಕೂಟದಲ್ಲಿ ಒಂದು ಆನಿಮೇಷನ್ ಸರಣಿ ಹಾಕುತ್ತೇವೆ ಅಂದಾಗ ಬಂದವರಲ್ಲಿ ಅರ್ಧ ಜನ ನಕ್ಕರು. “ಕಾರ್ಟೂನಾ? ನಾವೆಂತ ಎಲ್‌ಕೆಜಿಯಾ?” ಅಂತ ಹಿಂದಿನ ಬೆಂಚಿನಿಂದ ಮಾತು ಬಂತು. ಶುರುವಾಗಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಇನ್ನೊಂದು ಪ್ರಶ್ನೆ: “ಕಥೆ ಎಂತದು ಇದ್ರದ್ದು?” ಕೆಲವರು ಮೊಬೈಲ್ ತೆಗೆದರು, ಕೆಲವರು ಹಾಸ್ಟೆಲ್ ಊಟದ ಹೊತ್ತಾಯಿತು ಅಂತ ಎದ್ದರು. ಕೊನೆಗೆ ಉಳಿದವರು ಹನ್ನೊಂದು ಜನ. ಆ ಹನ್ನೊಂದು ಜನ ಮುಂದಿನ ಮೂರು ವಾರ ತಪ್ಪದೆ ಬಂದೆವು. ಹಾಗೆ ಯಾಕೆ ಬಂದೆವು ಎಂಬುದನ್ನು ಎದ್ದುಹೋದವರಿಗೂ ಇನ್ನೂ ನೋಡದವರಿಗೂ ಹೇಳಲು ಈ ಲೇಖನ. ಕಥೆಯ ಕೊನೆಯನ್ನು ಬಿಟ್ಟುಕೊಡುವುದಿಲ್ಲ, ಹೆದರಬೇಡಿ.

ಸರಣಿಯ ಹೆಸರು ‘ಸ್ಕ್ಯಾವೆಂಜರ್ಸ್ ರೇನ್’. ಜೋಸೆಫ್ ಬೆನೆಟ್ ಮತ್ತು ಚಾರ್ಲ್ಸ್ ಹ್ಯೂಟ್ನರ್ ಇದರ ಕರ್ತೃಗಳು. ಇಬ್ಬರೂ ಸೇರಿ 2016ರಲ್ಲಿ ‘ಸ್ಕ್ಯಾವೆಂಜರ್ಸ್’ ಎಂಬ ಒಂದು ಕಿರುಚಿತ್ರ ಮಾಡಿದ್ದರು. ಅನ್ಯಗ್ರಹದಲ್ಲಿ ಸಿಕ್ಕಿಹಾಕಿಕೊಂಡ ಇಬ್ಬರು, ಅಲ್ಲಿನ ಒಂದು ಜೀವಿಯಿಂದ ಇನ್ನೊಂದನ್ನು, ಅದರಿಂದ ಮತ್ತೊಂದನ್ನು ಪಡೆಯುತ್ತ ಸರಪಣಿಯ ಹಾಗೆ ಸಾಗುವ ಕಥೆ ಅದು. ಮಾತು ಇಲ್ಲವೆನ್ನುವಷ್ಟು ಕಡಿಮೆ. ಅದೇ ಬೀಜ ಬೆಳೆದು 2023ರ ಅಕ್ಟೋಬರಿನಲ್ಲಿ 12 ಕಂತುಗಳ ಸರಣಿಯಾಗಿ ಬಂತು. ಡಿಮೀಟರ್ 227 ಎಂಬ ಸರಕು ನೌಕೆ ಕೆಡುತ್ತದೆ. ಬದುಕುಳಿದ ಕೆಲವರು ವೆಸ್ಟಾ ಎಂಬ ಗ್ರಹದಲ್ಲಿ ಬೇರೆಬೇರೆ ಕಡೆ ಬೀಳುತ್ತಾರೆ. ಮೇಲೆ ಸುತ್ತುತ್ತಿರುವ ನೌಕೆಯನ್ನು ಕೆಳಗಿಳಿಸಬೇಕು, ಅದರ ಹತ್ತಿರ ತಲುಪಬೇಕು. ಕಥೆಯ ಎಲುಬು ಇಷ್ಟೇ. ಉಳಿದದ್ದೆಲ್ಲ ಆ ಗ್ರಹ.

ಇದು ಪ್ರಯೋಗ ಎನಿಸುವುದು ಎಲ್ಲಿ? ಸಾಮಾನ್ಯ ಸೈನ್ಸ್ ಫಿಕ್ಷನ್‌ನಲ್ಲಿ ಒಬ್ಬ ವಿಜ್ಞಾನಿ ಇರುತ್ತಾನೆ. ಏನಾದರೂ ವಿಚಿತ್ರ ಕಂಡ ಕೂಡಲೇ ಅವನು ಲೆಕ್ಚರ್ ಕೊಟ್ಟು ನಮಗೆ ಅರ್ಥ ಮಾಡಿಸುತ್ತಾನೆ. ಇಲ್ಲಿ ಆ ಲೆಕ್ಚರ್ ಇಲ್ಲ. ಒಂದು ಪ್ರಾಣಿ ಬರುತ್ತದೆ, ಇನ್ನೊಂದನ್ನು ನುಂಗುತ್ತದೆ, ನುಂಗಿಸಿಕೊಂಡದ್ದು ಒಳಗಿನಿಂದ ಬೇರೆಯೇ ರೂಪದಲ್ಲಿ ಹೊರಬರುತ್ತದೆ. ಯಾರೂ ಹೆಸರು ಹೇಳುವುದಿಲ್ಲ, ಯಾಕೆ ಎಂದೂ ಹೇಳುವುದಿಲ್ಲ. ನಿಕೋಲಸ್ ಸ್ನೈಡರ್ ಅವರ ಮೆಲುವಾದ ಸಂಗೀತ, ಗಾಳಿ, ನೀರು, ಏನೋ ಒಂದು ಕೂಗುವ ಸದ್ದು, ಅಷ್ಟೇ. ಅರ್ಥ ಮಾಡಿಕೊಳ್ಳುವ ಕೆಲಸ ನಮ್ಮದು.

ಮಾತು ಕಿತ್ತು ಹಾಕಿದರೆ ಕಲೆ ಉಳಿಯುತ್ತದಾ ಎಂಬ ಪ್ರಶ್ನೆ ನಮ್ಮ ಕಡೆಗೆ ಹೊಸದಲ್ಲ. ಕೋಟದ ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ತೆಗೆದು, ಹಾಡು, ಕುಣಿತ, ವೇಷಗಳ ಮೇಲೆಯೇ ನಿಲ್ಲುವ ಯಕ್ಷಗಾನ ಬ್ಯಾಲೆ ಮಾಡಿದರು. ಅರ್ಥಗಾರಿಕೆ ಇಲ್ಲದ ಯಕ್ಷಗಾನವೂ ಒಂದು ಯಕ್ಷಗಾನವಾ ಅಂತ ಬೈದವರು ಬಹಳ ಮಂದಿ. ಆ ಜಗಳ ಇವತ್ತೂ ಮುಗಿದಿಲ್ಲ. ಆದರೆ ಒಂದು ಮಾತು ಒಪ್ಪಬೇಕು: ಮಾತು ನಿಂತ ಮೇಲೆ ಪ್ರೇಕ್ಷಕನ ಕಣ್ಣು ಹೆಜ್ಜೆಯ ಕಡೆ, ಕೈಯ ಕಡೆ ಹೋಗಲೇಬೇಕು. ವೆಸ್ಟಾ ಗ್ರಹವೂ ನಮ್ಮ ಕಣ್ಣಿಗೆ ಅದನ್ನೇ ಮಾಡುತ್ತದೆ.

‘ದೊಡ್ಡವರಿಗೆ ಮಾತ್ರ’ ಎಂಬ ಹಣೆಪಟ್ಟಿಯ ಬಗ್ಗೆಯೂ ಹೇಳಬೇಕು. ಆ ಪಟ್ಟಿ ಕಂಡು ಬೇರೆ ಆಸೆಯಿಂದ ಬಂದವರಿಗೆ ನಿರಾಸೆಯೇ ಗತಿ. ರಕ್ತ ಇದೆ, ಅಸಹ್ಯ ಹುಟ್ಟಿಸುವ ದೃಶ್ಯಗಳಿವೆ, ಊಟ ಮಾಡುತ್ತ ನೋಡಬೇಡಿ. ಆದರೆ ನಿಜವಾದ ದೊಡ್ಡತನ ಬೇರೆ ಕಡೆ ಇದೆ. ಇಲ್ಲಿ ಮಾಡಿದ ತಪ್ಪು ಮುಂದಿನ ಕಂತಿಗೆ ಅಳಿಸಿಹೋಗುವುದಿಲ್ಲ. ಸತ್ತವರು ಹಿನ್ನೆಲೆ ಸಂಗೀತದ ಜೊತೆ ಎದ್ದು ಬರುವುದಿಲ್ಲ. ಖಳನಾಯಕನೂ ಇಲ್ಲ. ಗ್ರಹಕ್ಕೆ ನಮ್ಮ ಮೇಲೆ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ಅದರ ಪಾಡಿಗೆ ಅದು ಇದೆ. ಮಕ್ಕಳಿಗೆ ಹೇಳುವ ಕಥೆಯಲ್ಲಿ ಕಾಡು ಒಂದೋ ಗೆಳೆಯ, ಇಲ್ಲ ರಾಕ್ಷಸ. ಅದು ಎರಡೂ ಅಲ್ಲ ಅಂತ ಒಪ್ಪಿಕೊಳ್ಳಲು ಸ್ವಲ್ಪ ವಯಸ್ಸು ಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಗ್ರಹ ಬರೀ ಕಲ್ಪನೆಯ ಹುಚ್ಚಾಟವಾಗಿದ್ದರೆ ನಾವು ಎರಡನೇ ಕಂತಿಗೇ ಸುಸ್ತಾಗುತ್ತಿದ್ದೆವು. ಇಲ್ಲಿನ ಪ್ರತಿಯೊಂದು ವಿಚಿತ್ರಕ್ಕೂ ಒಂದು ಕೆಲಸ ಇದೆ, ಅದು ಇನ್ನೊಂದರ ಕೆಲಸಕ್ಕೆ ಕೊಂಡಿಯಾಗಿದೆ. ಒಂದು ಉದಾಹರಣೆ. ಉರ್ಸುಲಾ ಎಂಬಾಕೆ ಗೋಡೆಯಂಥ ಒಂದು ಜೀವಂತ ರಚನೆಯ ಒಳಗೆ ಹೋಗುತ್ತಾಳೆ. ಅಲ್ಲೊಂದು ಪುಟ್ಟ ಜೀವಿ ಹುಟ್ಟುತ್ತದೆ. ಪರಾಗ ಮುಟ್ಟಿಸುವುದೊಂದೇ ಅದಕ್ಕಿರುವ ಕೆಲಸ. ಅದನ್ನು ಮಾಡುತ್ತದೆ, ಸಾಯುತ್ತದೆ. ಅವಳು ಸುಮ್ಮನೆ ನೋಡುತ್ತಾಳೆ, ಕಣ್ಣು ತುಂಬಿಕೊಳ್ಳುತ್ತದೆ. ಆ ದೃಶ್ಯ ಮುಗಿದಾಗ ನಮ್ಮ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಬ್ರಹ್ಮಾವರ ಕಡೆಯ ಗೆಳತಿಯೊಬ್ಬಳು ಹೇಳಿದಳು: “ಇದು ನಮ್ಮ ಮನೆ ತೋಡಿನ ಬದಿಯ ಅತ್ತಿಮರ ಅಲ್ದಾ?”

ಹೌದು, ಅದೇ. ಮೇಲೆ ಚಂದ, ಒಳಗೆ ಹುಳ ಎನ್ನಲು ನಮ್ಮಲ್ಲಿ ಅತ್ತಿಹಣ್ಣನ್ನೇ ತೋರಿಸುತ್ತಾರೆ. ಆ ‘ಹುಳ’ದ ಕಥೆ ವೆಸ್ಟಾ ಗ್ರಹಕ್ಕೆ ಏನೂ ಕಡಿಮೆಯಿಲ್ಲ. ಅತ್ತಿಕಾಯಿ ಎಂದರೆ ಒಳಮುಖವಾಗಿ ಅರಳಿದ ನೂರಾರು ಹೂಗಳ ಗೊಂಚಲು. ಒಂದೆರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ ತುದಿಯ ಸಣ್ಣ ಕಿಂಡಿಯಲ್ಲಿ ನುಗ್ಗುತ್ತದೆ. ನುಗ್ಗುವಾಗ ಅದರ ರೆಕ್ಕೆಯೇ ಕಿತ್ತುಹೋಗುವುದುಂಟು. ಒಳಗೆ ತಾನು ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮುಂದಿನ ತಲೆಮಾರಿನ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳ ಜೊತೆ ಕೂಡಿ, ಅವುಗಳಿಗೆ ಹೊರಹೋಗಲು ಸುರಂಗ ಕೊರೆದುಕೊಟ್ಟು ಸಾಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಆ ದಾರಿಯಲ್ಲಿ ಹಾರಿಹೋಗುತ್ತವೆ. ಮರವಿಲ್ಲದೆ ಕಣಜವಿಲ್ಲ, ಕಣಜವಿಲ್ಲದೆ ಅತ್ತಿಯ ಬೀಜವಿಲ್ಲ.

ಇನ್ನೂ ಇದೆ. ಅದೇ ಅತ್ತಿಕಾಯಿಗೆ ಹೊರಗಿನಿಂದಲೇ ಸೂಜಿ ಚುಚ್ಚಿ ಮೊಟ್ಟೆಯಿಡುವ ಬೇರೆ ಕಣಜಗಳೂ ಇವೆ. ಅವು ಪರಾಗದ ಕೆಲಸ ಮಾಡುವುದಿಲ್ಲ, ಒಳಗಿನ ಮರಿಗಳ ಮೇಲೆ ಬದುಕುವ ಪರಾವಲಂಬಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದ ಲಕ್ಷ್ಮಿನಾಥ್ ಕುಂದನಾಟಿ ಮತ್ತು ನಮ್ರತಾ ಗುಂಡಯ್ಯ ಆ ಸೂಜಿಯನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಕೂದಲಿಗಿಂತ ತೆಳ್ಳಗಿನ ಆ ಸೂಜಿಯ ತುದಿಯಲ್ಲಿ ಹಲ್ಲುಗಳಿವೆ, ಅಲ್ಲಿ ಸತು ಸೇರಿ ಗಟ್ಟಿಯಾಗಿದೆ. ಅಂದರೆ ಗಟ್ಟಿಮಾಡಿದ ತುದಿಯ ಡ್ರಿಲ್ ಬಿಟ್! ಮೆಷಿನ್ ಶಾಪ್‌ನಲ್ಲಿ ನಾವು ಬರೆಯುವ ರೆಕಾರ್ಡ್ ಬುಕ್ಕಿನ ವಿಷಯ ಅತ್ತಿಮರದ ಮೇಲೆ ಕೂತಿದೆ. ಇದನ್ನು ನೋಡಲು ಡಿಮೀಟರ್ ನೌಕೆ ಕೆಡಬೇಕಾಗಿಲ್ಲ.

ಹಾಗೆಯೇ ಚಗಳಿ ಇರುವೆ. ಗೇರುಮರ ಹತ್ತಿದ ಎಲ್ಲರಿಗೂ ಅದರ ಕಚ್ಚು ಗೊತ್ತು. ಎಲೆಗಳನ್ನು ಸೇರಿಸಿ ಗೂಡು ಕಟ್ಟುವಾಗ ದೊಡ್ಡ ಇರುವೆಗಳ ಹತ್ತಿರ ಅಂಟು ಇರುವುದಿಲ್ಲ. ರೇಷ್ಮೆ ಬರುವುದು ಮರಿಹುಳುಗಳಿಂದ. ಹಾಗಾಗಿ ಒಂದು ಸಾಲು ಎಲೆಯಂಚನ್ನು ಎಳೆದು ಹಿಡಿಯುತ್ತದೆ, ಇನ್ನು ಕೆಲವು ಮರಿಗಳನ್ನು ಬಾಯಲ್ಲಿ ಹಿಡಿದು ಗ್ಲೂ ಗನ್ನಿನ ಹಾಗೆ ಆಚೀಚೆ ಆಡಿಸುತ್ತವೆ. ಸರಣಿಯಲ್ಲಿ ಸ್ಯಾಮ್ ಮತ್ತು ಉರ್ಸುಲಾ ಒಂದು ಜೀವಿಯನ್ನೇ ಮುಖಕ್ಕೆ ಕಟ್ಟಿಕೊಂಡು ಮುಖವಾಡ ಮಾಡಿಕೊಂಡಾಗ ನಾವು ‘ಛೀ’ ಅಂದಿದ್ದೆವು. ಚಗಳಿ ನೆನಪಾದ ಮೇಲೆ ಆ ‘ಛೀ’ ನಿಂತಿತು.

ಎಂಜಿನಿಯರಿಂಗ್ ಓದುವ ನಮಗೆ ಈ ಸರಣಿ ಹತ್ತಿರವಾದದ್ದು ಇನ್ನೊಂದು ಕಾರಣಕ್ಕೆ. ಗೊತ್ತಿಲ್ಲದ ಒಂದು ವ್ಯವಸ್ಥೆಯ ಎದುರು ನಿಂತಾಗ ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಇಲ್ಲಿ ಮೂರು ಜೋಡಿಗಳಿವೆ.

ಮೊದಲನೆಯದು ಸ್ಯಾಮ್ ಮತ್ತು ಉರ್ಸುಲಾ. ಸ್ಯಾಮ್‌ಗೆ ಗ್ರಹ ಒಂದು ಟೂಲ್‌ಬಾಕ್ಸ್: ಯಾವುದು ಯಾವ ಕೆಲಸಕ್ಕೆ ಬರುತ್ತದೆ ಗೊತ್ತಾದರೆ ಸಾಕು. ಉರ್ಸುಲಾಳಿಗೆ ಅದು ಯಾಕೆ ಹಾಗಿದೆ ಎಂದೂ ತಿಳಿಯಬೇಕು. ಇಬ್ಬರ ನಡುವೆ ದೊಡ್ಡ ಜಗಳವಿಲ್ಲ, ಆದರೆ ವ್ಯತ್ಯಾಸ ಪ್ರತಿ ಹೆಜ್ಜೆಗೂ ಕಾಣುತ್ತದೆ.

ಎರಡನೆಯದು ಅಜಿ ಮತ್ತು ಅವಳ ರೋಬೋಟ್ ಲೀವೈ. ಲೀವೈ ಒಳಗೆ ಗ್ರಹದ ಬೂಸ್ಟಿನಂಥ ಏನೋ ಬೆಳೆಯಲು ಶುರುವಾಗುತ್ತದೆ. ಸರ್ಕಿಟ್ ತುಂಬ ಹಬ್ಬುತ್ತದೆ. ರೋಬೋಟ್ ಹೇಳಿದ ಕೆಲಸ ಬಿಟ್ಟು ತನ್ನಿಷ್ಟದ ಕೆಲಸ ಮಾಡತೊಡಗುತ್ತದೆ. ಅಜಿಗೆ ಮೊದಲು ಇದು ಫಾಲ್ಟ್, ರಿಪೇರಿ ಆಗಬೇಕಾದದ್ದು. ನಿಧಾನಕ್ಕೆ ಅವಳಿಗೆ ಅನುಮಾನ: ಇದು ಕೆಡುತ್ತಿದೆಯಾ, ಹುಟ್ಟುತ್ತಿದೆಯಾ? ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರು ‘ಬಗ್ಗಾ, ಫೀಚರಾ’ ಅಂತ ಮಾಡುವ ತಮಾಷೆಗೆ ಇಷ್ಟು ಆಳ ಇದೆ ಅಂತ ನಮಗೆ ಗೊತ್ತಿರಲಿಲ್ಲ.

ಮೂರನೆಯದು ಕ್ಯಾಮೆನ್ ಮತ್ತು ಹಾಲೋ. ಕ್ಯಾಮೆನ್ ತನ್ನ ತಪ್ಪಿನ ಭಾರದಲ್ಲಿ ಕುಸಿದವನು. ಹಾಲೋ ಎಂಬ ಪುಟ್ಟ ಪ್ರಾಣಿ ಅವನ ಮನಸ್ಸು ಹೊಕ್ಕು, ಅವನಿಗೆ ಬೇಕಾದ ನೆನಪು ತೋರಿಸಿ, ಅವನಿಂದ ಬೇಟೆ ಮಾಡಿಸಿಕೊಳ್ಳುತ್ತದೆ. ತಿಂದಷ್ಟೂ ಬೆಳೆಯುತ್ತದೆ. ಇರುವೆಯ ಮೈ ಹೊಕ್ಕು ಅದನ್ನು ತನಗೆ ಬೇಕಾದ ಎತ್ತರಕ್ಕೆ ಹತ್ತಿಸಿ ಎಲೆ ಕಚ್ಚಿಸುವ ಶಿಲೀಂಧ್ರ ನಿಜವಾಗಿಯೂ ಇದೆ. ಆದರೆ ಸರಣಿ ಇಲ್ಲಿ ಒಂದು ತಿರುವು ಕೊಡುತ್ತದೆ. ಹಾಲೋ ಮೊದಲು ಅಷ್ಟು ಕ್ರೂರವಾಗಿರಲಿಲ್ಲ. ಮನುಷ್ಯನ ಹಸಿವು ಸೇರಿದ ಮೇಲೆ ಅದು ಹಾಗಾಯಿತು. ಯಾರು ಯಾರಿಗೆ ಸೋಂಕು ತಗುಲಿಸಿದರು ಎಂಬ ಪ್ರಶ್ನೆ ಇಡೀ ರಾತ್ರಿ ನಮ್ಮನ್ನು ಕಾಡಿತು.

ಚಿತ್ರಗಳ ಬಗ್ಗೆ ಒಂದು ಮಾತು. ಗೆರೆ ತೆಳು, ಬಣ್ಣ ಚಪ್ಪಟೆ, ಮನುಷ್ಯರ ಮುಖದಲ್ಲಿ ಹೆಚ್ಚು ವಿವರವಿಲ್ಲ. ಕೋಟಿ ಕೂದಲನ್ನು ಒಂದೊಂದಾಗಿ ತೋರಿಸುವ ತ್ರೀ-ಡಿ ನೋಡಿದ ಕಣ್ಣಿಗೆ ಮೊದಲು ಬಡವಾಗಿ ಕಾಣುತ್ತದೆ. ಆದರೆ ಜೀವ ಇರುವುದು ಚಲನೆಯಲ್ಲಿ. ಕುಂದಾಪುರದ ಪಕ್ಕದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮರದ ಮುಖ ಒಂದು ಚೂರೂ ಬದಲಾಗುವುದಿಲ್ಲ. ಸೂತ್ರ ಸ್ವಲ್ಪ ಸಡಿಲವಾಗಿ ತಲೆ ಬಾಗಿದರೆ ಸಾಕು, ನಮಗೆ ದುಃಖ ಕಾಣುತ್ತದೆ. ಆನಿಮೇಷನ್ ಎಂದರೂ ಅದೇ: ಜೀವ ಇಲ್ಲದ್ದಕ್ಕೆ ಜೀವ ಬಂದ ಹಾಗೆ ಮಾಡುವುದು. ಲೀವೈಯ ಮುಖದಲ್ಲೂ ಭಾವ ಇಲ್ಲ. ಆದರೂ ಅದು ಎಲ್ಲಿ ನಿಂತು ಏನು ನೋಡುತ್ತದೆ ಎಂಬುದರಲ್ಲೇ ಎಲ್ಲ ಗೊತ್ತಾಗುತ್ತದೆ.

ಎಲ್ಲವೂ ಸರಿ ಇದೆ ಅಂತಲೂ ಅಲ್ಲ. ನೌಕೆಯ ಹಳೆಯ ದಿನಗಳಿಗೆ ಹೋಗುವ ಫ್ಲ್ಯಾಶ್‌ಬ್ಯಾಕ್‌ಗಳು ಕೆಲವು ಕಡೆ ಮಾಮೂಲಿ ಎನಿಸುತ್ತವೆ. ಗ್ರಹದಷ್ಟು ಹೊಸತನ ಮನುಷ್ಯರ ಮಾತಿನಲ್ಲಿ ಇಲ್ಲ. ಕೊನೆಯ ಕಂತು ಹೊಸ ಬಾಗಿಲೊಂದನ್ನು ತೆರೆದಿಟ್ಟು ಮುಗಿಯುತ್ತದೆ, ಆ ಬಾಗಿಲ ಹಿಂದೆ ಏನಿದೆ ಅಂತ ನೋಡುವ ಭಾಗ್ಯ ನಮಗಿಲ್ಲ. ಮೊದಲು ಪ್ರಸಾರ ಮಾಡಿದ ಮ್ಯಾಕ್ಸ್ 2024ರ ಮೇ ತಿಂಗಳಲ್ಲಿ ಸರಣಿಯನ್ನು ಕೈಬಿಟ್ಟಿತು. ಅದೇ ತಿಂಗಳ ಕೊನೆಗೆ ನೆಟ್‌ಫ್ಲಿಕ್ಸ್‌ಗೆ ಬಂತಾದರೂ ಎರಡನೇ ಸೀಸನ್ ಆಗಲಿಲ್ಲ. ಎಮ್ಮಿ ಪ್ರಶಸ್ತಿಯ ಅತ್ಯುತ್ತಮ ಆನಿಮೇಷನ್ ವಿಭಾಗದ ನಾಮನಿರ್ದೇಶನವೂ ಅದನ್ನು ಉಳಿಸಲಿಲ್ಲ.

ನೋಡುವವರಿಗೆ ಮೂರೇ ಸೂಚನೆ. ಒಂದು, 1.5 ವೇಗದಲ್ಲಿ ಓಡಿಸಬೇಡಿ, ಇಲ್ಲಿ ‘ಏನೂ ಆಗದ’ ನಿಮಿಷದಲ್ಲೇ ಎಲ್ಲ ಆಗುತ್ತದೆ. ಎರಡು, ಹೆಡ್‌ಫೋನ್ ಹಾಕಿ. ಮೂರು, ಅರ್ಥವಾಗದಿದ್ದರೆ ಕೂಡಲೇ ಯೂಟ್ಯೂಬ್‌ನ ವಿವರಣೆಗೆ ಓಡಬೇಡಿ, ಮುಂದಿನ ಕಂತಿನವರೆಗೆ ಕಾಯಿರಿ.

ಕೊನೆಗೆ ನಮ್ಮದೇ ಒಂದು ತಪ್ಪೊಪ್ಪಿಗೆ. ಹೋದ ವರ್ಷ ಸರ್ವೇ ಅಭ್ಯಾಸಕ್ಕೆ ನಮ್ಮಲ್ಲಿ ಕೆಲವರು ಪಂಚಗಂಗಾವಳಿ ಹೊಳೆಯ ಬದಿಗೆ ಹೋಗಿದ್ದೆವು. ಸ್ಟಾಫ್ ಹಿಡಿಯಲು ಅಡ್ಡ ಬರುತ್ತದೆ ಅಂತ ಕಾಂಡ್ಲಾ ಗಿಡಗಳಿಗೆ ಬೈದು, ನಕ್ಷೆಯಲ್ಲಿ ಆ ಜಾಗಕ್ಕೆ ‘ಪೊದೆ’ ಅಂತ ಬರೆದು ಬಂದೆವು. ಸರಣಿ ಮುಗಿದ ಮಾರನೇ ಭಾನುವಾರ ಅದೇ ಜಾಗಕ್ಕೆ ಹೋದೆವು, ಈ ಸಲ ಇಳಿತದ ಹೊತ್ತಿಗೆ. ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ನೂರಾರು ಬೇರು ಮೇಲೆದ್ದು ನಿಂತಿದ್ದವು. ಕೆಸರಲ್ಲಿ ಉಸಿರಿಲ್ಲ, ಅದಕ್ಕೆ ಬೇರೇ ಮೇಲೆ ಬಂದು ಗಾಳಿ ಕುಡಿಯುತ್ತದೆ. ಇನ್ನೊಂದು ಜಾತಿಯಲ್ಲಿ ಬೀಜ ಮರದಲ್ಲಿರುವಾಗಲೇ ಮೊಳೆತು, ಉದ್ದ ಕೋಲಾಗಿ ಜೋತು, ಬಿದ್ದಲ್ಲಿ ನಾಟಿಕೊಳ್ಳಲು ತಯಾರಾಗಿ ನಿಂತಿತ್ತು. ಬೇರಿನ ಸಂದಿಯಲ್ಲಿ ಮೀನಿನ ಮರಿ, ಏಡಿ. ಆ ಬೇರುಗಳೇ ದಡದ ಮಣ್ಣು ಹಿಡಿದಿಟ್ಟಿವೆ.

ನಾಳೆ ಇಂಥದ್ದೇ ಒಂದು ದಡದಲ್ಲಿ ರಸ್ತೆಗೋ, ಜೆಟ್ಟಿಗೋ, ಕಟ್ಟಡಕ್ಕೋ ನಕ್ಷೆ ಬರೆಯುವವರು ನಾವೇ. ನಕ್ಷೆಯಲ್ಲಿ ‘ಪೊದೆ’ ಎಂದಿದ್ದನ್ನು ಕಡಿಯುವುದಕ್ಕೆ ಯಾರಿಗೂ ಕೈ ನಡುಗುವುದಿಲ್ಲ. ಸ್ಯಾಮ್‌ನ ಹಾಗೆ ನೋಡುತ್ತೇವಾ, ಉರ್ಸುಲಾಳ ಹಾಗಾ ಎಂಬುದು ಆಗ ಬರೀ ಸಿನಿಮಾ ಚರ್ಚೆಯಾಗಿ ಉಳಿಯುವುದಿಲ್ಲ. ಅವತ್ತು ವಾಪಸ್ ಬಂದು ಹಳೆಯ ನಕ್ಷೆ ತೆಗೆದು ‘ಪೊದೆ’ ಹೊಡೆದುಹಾಕಿ ‘ಕಾಂಡ್ಲಾ’ ಅಂತ ಬರೆದೆವು. ಅದಕ್ಕೆ ಮಾರ್ಕ್ಸ್ ಏನೂ ಸಿಗುವುದಿಲ್ಲ, ಪರವಾಗಿಲ್ಲ.

ಮುಂದಿನ ಶನಿವಾರ ಮೊದಲ ಎರಡು ಕಂತು ಮತ್ತೆ ಹಾಕುತ್ತೇವೆ. ಹಿಂದಿನ ಬೆಂಚಿನವರೂ ಬನ್ನಿ. ಊಟ ಮುಗಿಸಿಯೇ ಬನ್ನಿ.