ಜಾಝ್ ಮನೋಧರ್ಮ: ಸಾಧನೆಯಿಂದ ಬರುವ ಸ್ವಾತಂತ್ರ್ಯ



ಬೆಂಗಳೂರಿನ ದಂಡು ಪ್ರದೇಶ ರೂಪುಗೊಂಡದ್ದು 1809ರಲ್ಲಿ. ಕ್ರಮೇಣ ಶಿವಾಜಿನಗರ, ಹಲಸೂರುಗಳ ಸುತ್ತಮುತ್ತ ಚರ್ಚಿನ ಗಾಯನ, ಸೈನ್ಯದ ಬ್ಯಾಂಡು, ಗುಡಿಯ ನಾಗಸ್ವರ ಅಕ್ಕಪಕ್ಕದಲ್ಲೇ ಕೇಳಿಬಂದವು. ಇಲ್ಲಿ ಗಿಟಾರನ್ನೋ ಸ್ಯಾಕ್ಸೊಫೋನನ್ನೋ ಕಲಿಯುವವರು ಕೈ ಸ್ವಲ್ಪ ಪಳಗಿದೊಡನೆ ಕೇಳುವುದುಂಟು: "ಜಾಝ್ ಎಂದರೆ ಮನಸ್ಸಿಗೆ ಬಂದದ್ದನ್ನು ನುಡಿಸುವುದಲ್ಲವೆ?"

ಹೌದು. ಆದರೆ ಮನಸ್ಸಿಗೆ ಬಂದದ್ದು ಹಿತವಾಗಿ ಕೇಳಬೇಕಾದರೆ ಮೊದಲು ಕಿವಿಯನ್ನು ತಿದ್ದಬೇಕು. ನಮ್ಮ ಕಲ್ಪನಾಸ್ವರದಲ್ಲಿ ರಾಗ ಮತ್ತು ತಾಳ ಕಾವಲಿಗಿರುತ್ತವೆ. ಜಾಝ್‌ನಲ್ಲಿ ತಾಳದ ಜೊತೆಗೆ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ, ಸರಣಿ ಇರುತ್ತದೆ. ಗುಚ್ಛ ಬದಲಾದಂತೆ ಹೊಂದುವ ಸ್ವರಗಳೂ ಬದಲಾಗುತ್ತವೆ.

ಶಂಕರಾಭರಣದ ಸ್ವರಗಳಲ್ಲೇ ಒಂದು ಉದಾಹರಣೆ ನೋಡೋಣ. ಮೊದಲ ಗುಚ್ಛ ರಿ-ಮ-ಧ-ಸ, ಎರಡನೆಯದು ಪ-ನಿ-ರಿ-ಮ, ಮೂರನೆಯದು ಸ-ಗ-ಪ-ನಿ. ಮೊದಲಿನಿಂದ ಎರಡನೆಯದಕ್ಕೆ ಹೋಗುವಾಗ ಮಧ್ಯಮ ನಿಂತಲ್ಲೇ ಇದ್ದು, ಷಡ್ಜ ನಿಷಾದಕ್ಕೆ ಇಳಿಯುತ್ತದೆ. ಎರಡರಿಂದ ಮೂರಕ್ಕೆ ನಿಷಾದ ನಿಂತು, ಮಧ್ಯಮ ಗಾಂಧಾರಕ್ಕೆ ಇಳಿಯುತ್ತದೆ. ಈ ಎರಡು ಸಣ್ಣ ಇಳಿತಗಳನ್ನು ಮೊದಲು ಹಾಡಿ, ಆಮೇಲೆ ನುಡಿಸಿ. ಪಕ್ಕವಾದ್ಯವಿಲ್ಲದಿದ್ದರೂ ಕೇಳುವವರಿಗೆ ಗುಚ್ಛ ಬದಲಾದುದು ತಿಳಿದರೆ ನಿಮ್ಮ ಕಲಿಕೆ ಸರಿದಾರಿಯಲ್ಲಿದೆ. ಜೊತೆಗೆ ಹಿರಿಯ ವಾದಕರ ಧ್ವನಿಮುದ್ರಣವೊಂದನ್ನು ಆರಿಸಿಕೊಂಡು, ಅದರ ಒಂದೊಂದು ಸಾಲನ್ನೂ ಕೇಳಿ ಹಾಡಿ ವಾದ್ಯದ ಮೇಲೆ ತನ್ನಿರಿ.

ಚಾರ್ಲಿ ಮರಿಯಾನೊ ಬಾಸ್ಟನ್‌ನಲ್ಲಿ 1923ರಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ. ಚಾರ್ಲ್ಸ್ ಮಿಂಗಸ್‌ನಂಥ ದಿಗ್ಗಜನ ಜೊತೆ 1963ರಲ್ಲಿ ನುಡಿಸಿ ಹೆಸರಾಗಿದ್ದರು. ಅಷ್ಟಾಗಿಯೂ ದಕ್ಷಿಣ ಭಾರತಕ್ಕೆ ಬಂದು ಶಿಷ್ಯರಾಗಿ ನಾಗಸ್ವರ ಕಲಿತರು. ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರೊಂದಿಗೆ, ಆರ್.ಎ. ರಮಾಮಣಿಯವರ ಗಾಯನ ಸಹಿತ, 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಹೊರತಂದರು. ಮರಿಯಾನೊ 2009ರಲ್ಲಿ ನಿಧನರಾದರು.

ಇಲ್ಲಿ ಗಮನಿಸಬೇಕಾದದ್ದು ಇದು: ಮರಿಯಾನೊ ತಮ್ಮ ಜಾಝನ್ನು ಬಿಡಲಿಲ್ಲ, ನಮ್ಮವರು ತಮ್ಮ ಲಯವನ್ನು ಬಿಡಲಿಲ್ಲ. ಇಬ್ಬರಿಗೂ ತಮ್ಮದು ಗಟ್ಟಿಯಾಗಿ ಬರುತ್ತಿದ್ದುದರಿಂದಲೇ ಪರಸ್ಪರ ಕಿವಿಗೊಡಲು ಸಾಧ್ಯವಾಯಿತು. ಬುಡ ಗಟ್ಟಿಯಿಲ್ಲದ ಬೆರಕೆ ಎರಡೂ ಸಂಗೀತಗಳನ್ನು ಸಪ್ಪೆಯಾಗಿಸುತ್ತದೆ.

ಆದ್ದರಿಂದ ಮಿತ್ರರೇ, ಮನೆಯಲ್ಲಿ ಸರಳೆವರಸೆ ಕಲಿತದ್ದು ಜಾಝ್‌ಗೆ ಅಡ್ಡಿಯೆಂದು ತಿಳಿಯಬೇಡಿ. ಇಂದು ಸಂಜೆ ವಾದ್ಯ ಕೈಗೆತ್ತಿಕೊಳ್ಳುವ ಮುನ್ನ, ಆ ಮೂರು ಗುಚ್ಛಗಳ ದಾರಿಯನ್ನು ಒಮ್ಮೆ ಬಾಯಲ್ಲಿ ಹಾಡಿ ನೋಡಿ.