ವೆಬ್‌ಸೈಟಿಗೂ ಬೀಗ ಬೇಕು!



ನಮ್ಮ ಸೀಫ್‌ನ ಮಾಲ್‌ಗಳಲ್ಲಿ ರಾತ್ರಿ ಅಂಗಡಿ ಮುಚ್ಚುವುದನ್ನು ನೀವು ನೋಡಿರುತ್ತೀರಿ. ಶಟರ್ ಎಳೀತಾರೆ, ಬೀಗ ಹಾಕ್ತಾರೆ, ಸೆಕ್ಯುರಿಟಿ ಅಂಕಲ್ ಒಂದು ಸುತ್ತು ಬರ್ತಾರೆ. ಆದರೆ ಅದೇ ಅಂಗಡಿಯ ವೆಬ್‌ಸೈಟ್ ರಾತ್ರಿಯಿಡೀ ತೆರೆದೇ ಇರುತ್ತದೆ. ಅಲ್ಲಿಗೆ ಬರುವ ಕಳ್ಳ ವಿಮಾನ ಹತ್ತಬೇಕಿಲ್ಲ, ಅವನಿಗೆ ವೀಸಾನೂ ಬೇಡ!

"ಇದೆಲ್ಲಾ ದೊಡ್ಡವರ ವಿಷಯ, ನಮಗ್ಯಾಕೆ?" ಅಂತೀರಾ? ಇಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುವ, ಬಟ್ಟೆ ಹೊಲಿಯುವ, ಸಂಗೀತ ಕಲಿಸುವ ಅಮ್ಮಂದಿರಿದ್ದಾರೆ. ಅವರು ಒಂದು ಸಣ್ಣ ವೆಬ್‌ಸೈಟ್ ಮಾಡಿದರೆ, "ನೀನೇ ನೋಡ್ಕೋ ಮಗಾ" ಅಂತ ಪಾಸ್‌ವರ್ಡ್ ಬರುವುದು ನಮ್ಮ ಕೈಗೇ. ಅಂದ ಮೇಲೆ ಕೀಲಿಕೈ ಕಾಯುವವರು ನಾವೇ ಅಲ್ವಾ?

ನಮ್ಮದು ಸಣ್ಣ ಸೈಟ್, ಯಾರು ಬರ್ತಾರೆ?

ಹೆಚ್ಚಿನವರು ಹೀಗೇ ತಿಳಿದಿದ್ದಾರೆ. ಆದರೆ ಹುಡುಕುವುದು ಮನುಷ್ಯರಲ್ಲ, 'ಬಾಟ್' ಎಂಬ ಪ್ರೋಗ್ರಾಮ್‌ಗಳು. ಫ್ಲ್ಯಾಟ್‌ನ ಪ್ರತಿಯೊಂದು ಬಾಗಿಲನ್ನೂ ತಳ್ಳಿ ನೋಡುವ ಕಳ್ಳನಂತೆ ಅವು ಸಿಕ್ಕ ಸಿಕ್ಕ ಸೈಟ್‌ಗಳನ್ನೆಲ್ಲಾ ತಟ್ಟುತ್ತಾ ಹೋಗುತ್ತವೆ. ಒಳಗೆ ಹಣ ಇಲ್ಲದಿದ್ದರೂ ಬಿಡುವುದಿಲ್ಲ. ನಿಮ್ಮ ಸೈಟಿನಿಂದಲೇ ಬೇರೆಯವರಿಗೆ ವೈರಸ್ ಹಂಚಬಹುದು, ಮೋಸದ ಪುಟವನ್ನು ಅಲ್ಲೇ ಬಚ್ಚಿಡಬಹುದು.

ಕಳ್ಳ ಬರುವ ನಾಲ್ಕು ದಾರಿಗಳು

1. ಸುಲಭದ ಪಾಸ್‌ವರ್ಡ್: ಬಾಟ್‌ಗಳು ಸಾವಿರಾರು ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದು ಹಾಕಿ ನೋಡುತ್ತವೆ. ಹೆಸರು, ಹುಟ್ಟಿದ ವರ್ಷ ಎಲ್ಲಾ ಬೇಗ ಸಿಕ್ಕಿಬೀಳುತ್ತವೆ. ಇಲ್ಲೊಂದು ಲೆಕ್ಕ ಇದೆ. ಇಂಗ್ಲಿಷಿನ ಸಣ್ಣ ಅಕ್ಷರಗಳು 26. ಪಾಸ್‌ವರ್ಡ್‌ಗೆ ನಾಲ್ಕು ಅಕ್ಷರ ಹೆಚ್ಚಿಗೆ ಸೇರಿಸಿದರೆ ಸಾಧ್ಯತೆಗಳು 26×26×26×26, ಅಂದರೆ 4,56,976 ಪಟ್ಟು ಹೆಚ್ಚುತ್ತವೆ! ಆದ್ದರಿಂದ ಉದ್ದದ ಪಾಸ್‌ವರ್ಡೇ ಗಟ್ಟಿ ಪಾಸ್‌ವರ್ಡ್.

2. ಸುಳ್ಳು ಇಮೇಲ್: "ನಿಮ್ಮ ಸೈಟ್ ಇವತ್ತೇ ಬಂದ್ ಆಗುತ್ತೆ, ಇಲ್ಲಿ ಒತ್ತಿ" ಅಂತ ಬರುತ್ತದೆ. ಗಾಬರಿಯಲ್ಲಿ ಒತ್ತಿದಿರೋ, ನೀವೇ ಕೀಲಿಕೈ ಕೊಟ್ಟ ಹಾಗೆ. ವಿಳಾಸವನ್ನು ಅಕ್ಷರ ಅಕ್ಷರ ಓದಿ. ಇಂಗ್ಲಿಷಿನ 'ಆರ್' ಮತ್ತು 'ಎನ್' ಅಕ್ಕಪಕ್ಕ ಬಂದರೆ 'ಎಂ' ಥರಾನೇ ಕಾಣುತ್ತದೆ. ಬೀಗದ ಚಿತ್ರ ಇದ್ದ ಮಾತ್ರಕ್ಕೂ ನಂಬಬೇಡಿ. ನಡುವೆ ಯಾರೂ ಓದಲಾರರು ಎಂದಷ್ಟೇ ಅದರ ಅರ್ಥ. ಆ ಕಡೆ ಇರುವವರು ಒಳ್ಳೆಯವರು ಎಂದಲ್ಲ.

3. ಹಳೆಯ ಸಾಫ್ಟ್‌ವೇರ್: ಜಗತ್ತಿನ ನೂರು ವೆಬ್‌ಸೈಟ್‌ಗಳಲ್ಲಿ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್‌ನಲ್ಲಿ ನಡೆಯುತ್ತವೆ. ಅದಕ್ಕೆ ಸೇರಿಸುವ ಪ್ಲಗಿನ್‌ಗಳಲ್ಲಿ ಆಗಾಗ ತೂತು ಸಿಗುತ್ತದೆ. ಮಾಡಿದವರು ಅದನ್ನು ಮುಚ್ಚಿ ಅಪ್‌ಡೇಟ್ ಕೊಡುತ್ತಾರೆ. ಆಗ ತೂತು ಎಲ್ಲಿತ್ತು ಅಂತ ಕಳ್ಳರಿಗೂ ಗೊತ್ತಾಗುತ್ತದೆ! "ನಾಳೆ ಮಾಡೋಣ" ಅಂದವರ ಮನೆಗೇ ಅವರು ಮೊದಲು ಬರುವುದು.

4. ಸುಳ್ಳು ನೂಕುನುಗ್ಗಲು: ಸಾವಿರಾರು ಕಂಪ್ಯೂಟರ್‌ಗಳು ಒಟ್ಟಿಗೇ ಒಂದು ಸೈಟಿಗೆ ನುಗ್ಗಿದರೆ ನಿಜವಾದ ಗ್ರಾಹಕರಿಗೆ ಒಳಗೆ ಹೋಗಲು ಆಗುವುದಿಲ್ಲ. ಒಂದೇ ಕೌಂಟರ್ ಇರುವ ಅಂಗಡಿಗೆ ಏನೂ ಕೊಳ್ಳದ ಐನೂರು ಜನ ಬಂದು ನಿಂತ ಹಾಗೆ.

ದೊಡ್ಡವರಿಗೂ ತಪ್ಪಿದ್ದಲ್ಲ

2023ರ ಫೆಬ್ರವರಿ 14ರಂದು ಹ್ಯಾಕರ್‌ಗಳ ಕಾಟದಿಂದ ನಮ್ಮ ಬಹರೈನ್ ವಿಮಾನ ನಿಲ್ದಾಣದ ವೆಬ್‌ಸೈಟ್ ಮಧ್ಯಾಹ್ನ ಕಡಿಮೆಯೆಂದರೂ ಅರ್ಧ ಗಂಟೆ ತೆರೆಯಲೇ ಇಲ್ಲ. ಊರಿನ ಕಡೆಯೂ ಹೀಗೇ ಆಗಿದೆ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ನುಗ್ಗಿದ ಹ್ಯಾಕರ್‌ಗಳು ಟೆಂಡರ್ ಠೇವಣಿಯ ಹಣದಲ್ಲಿ 11.5 ಕೋಟಿ ರೂಪಾಯಿ ಕದ್ದರು.

ಸಣ್ಣ ಸೈಟಿನಲ್ಲಿ ಅಷ್ಟು ಹಣ ಇರುವುದಿಲ್ಲ, ನಿಜ. ಆದರೆ ಕೇಕ್ ಆರ್ಡರ್ ಮಾಡಿದ ಆಂಟಿಯ ಫೋನ್ ನಂಬರ್, ಫ್ಲ್ಯಾಟ್ ನಂಬರ್ ಇರುತ್ತದಲ್ಲ? ಅವರು ನಂಬಿಕೊಂಡು ಕೊಟ್ಟದ್ದು ಅದು. ಬಹರೈನ್‌ನಲ್ಲಿ ಇದಕ್ಕೆ ಕಾನೂನೇ ಇದೆ. 2018ರಲ್ಲಿ ಆದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು 2019ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಬೇಡದ ಮಾಹಿತಿ ಕೇಳದಿರುವುದೇ ಒಳ್ಳೆಯದು. ನಮ್ಮ ಹತ್ತಿರ ಇಲ್ಲದ್ದನ್ನು ಯಾರೂ ಕದಿಯಲಾರರು!

ಈ ವಾರವೇ ಮಾಡಿ

• ಪ್ರತಿ ಖಾತೆಗೂ ಬೇರೆ ಬೇರೆ ಉದ್ದದ ಪಾಸ್‌ವರ್ಡ್ ಇಡಿ. ಜೊತೆಗೆ ಫೋನಿನಲ್ಲಿ ಕೋಡ್ ಬರುವ ಎರಡನೇ ಬೀಗವನ್ನೂ ಹಾಕಿ. ಆ ಕೋಡ್ ಯಾರು ಕೇಳಿದರೂ ಹೇಳಬೇಡಿ.
• ಅಪ್‌ಡೇಟ್ ಬಂದ ದಿನವೇ ಮಾಡಿ. ಬಳಸದ ಪ್ಲಗಿನ್ ತೆಗೆದುಹಾಕಿ.
• ಸೈಟಿನ ಪೂರ್ತಿ ನಕಲನ್ನು ಬೇರೆ ಕಡೆ ಇಟ್ಟುಕೊಳ್ಳಿ. ಅದು ಸರಿಯಾಗಿ ತೆರೆಯುತ್ತದಾ ಅಂತ ಆಗಾಗ ನೋಡಿ.
• ಡೊಮೈನ್ ಹೆಸರಿನ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮರೆತರೆ ಬೇರೆಯವರು ಕೊಂಡುಕೊಳ್ಳಬಹುದು.
• ಏನಾದರೂ ಎಡವಟ್ಟಾದರೆ ಬೈತಾರೆ ಅಂತ ಮುಚ್ಚಿಡಬೇಡಿ. ತಕ್ಷಣ ಅಪ್ಪ-ಅಮ್ಮನಿಗೆ ಹೇಳಿ, ಪಾಸ್‌ವರ್ಡ್ ಬದಲಿಸಿ, ಹೋಸ್ಟಿಂಗ್ ಕಂಪನಿಗೆ ತಿಳಿಸಿ.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು" ಅಂತ ನಮ್ಮಲ್ಲಿ ಒಂದು ಗಾದೆ ಇದೆ. ದಿಡ್ಡಿ ಬಾಗಿಲು ಅಂದರೆ ಕೋಟೆಯ ಸಣ್ಣ ಬಾಗಿಲು. ನಿಮ್ಮ ಮನೆಯ ವೆಬ್‌ಸೈಟಿಗೆ ಅಂಥ ಬಾಗಿಲು ಎಷ್ಟಿವೆ? ಇವತ್ತು ರಾತ್ರಿ ಊಟ ಆದ ಮೇಲೆ ಅಮ್ಮನ ಜೊತೆ ಕೂತು ಎಣಿಸಿ ನೋಡಿ.