ನೆಲಗಪ್ಪೆಯ ವಿಷ

ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ತುಂಬಿ ಹರಿಯುವ ನದಿಯಿಲ್ಲ. ಅಲ್ಲಿನ ಪೂರ್ವಿಕರು ಮಳೆಯ ನೀರನ್ನು ಕೆರೆಗಳಲ್ಲಿ ತಡೆದು ನಿಲ್ಲಿಸಿ ಬೇಸಾಯ ನಡೆಸಿದರು. ಬಂಗಾರಪೇಟೆಯಿಂದ ಹೊರಟು ಚಿನ್ನದ ಗಣಿಗಳ ಊರನ್ನು ಹಾದು ಮಾರಿಕುಪ್ಪಂನಲ್ಲಿ ಕೊನೆಗಾಣುವ ರೈಲುದಾರಿಯ ಇಕ್ಕೆಲಗಳ ನೆಲವೂ ಬೇಸಗೆಯಲ್ಲಿ ಒಣಗಿ ಬಿರಿದಿರುತ್ತದೆ. ಆದರೆ ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ಅಂದಿನ ರಾತ್ರಿಯೇ ಕುಂಟೆಗಳೂ ಹೊಂಡಗಳೂ ಕಪ್ಪೆಗಳ ಕೂಗಿನಿಂದ ತುಂಬಿಹೋಗುತ್ತವೆ. ಹೀಗೆ ಕೂಗುವ ಜೀವಿಗಳಲ್ಲಿ ಎಲ್ಲರೂ ಬಲ್ಲದ್ದು ನೆಲಗಪ್ಪೆ.

ನೆಲಗಪ್ಪೆ ಉಭಯವಾಸಿ. ಅದರ ಬಾಲ್ಯ ನೀರಿನಲ್ಲಿ, ಬೆಳೆದ ಮೇಲಿನ ಬದುಕು ನೆಲದ ಮೇಲೆ. ಹೆಣ್ಣು ನೀರಿನಲ್ಲಿ ಲೋಳೆಯ ಉದ್ದನೆಯ ಸರಗಳಲ್ಲಿ ಕರಿಮಣಿ ಪೋಣಿಸಿದಂತೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಕೆಲವೇ ದಿನಗಳಲ್ಲಿ ಅವುಗಳಿಂದ ಕಪ್ಪುಬಣ್ಣದ ಗೊದಮೊಟ್ಟೆಗಳು ಹೊರಬರುತ್ತವೆ. ಅವು ಪಾಚಿಯನ್ನು ತಿಂದು ಬೆಳೆಯುತ್ತವೆ. ಕಾಲುಗಳು ಮೂಡಿ, ಬಾಲ ಕರಗಿ, ಶ್ವಾಸಕೋಶ ಬಲಿತ ಮೇಲೆ ಮರಿಗಳು ದಡವನ್ನೇರುತ್ತವೆ. ಅಷ್ಟರೊಳಗೆ ಕುಂಟೆ ಬತ್ತಿದರೆ ಆ ಪೀಳಿಗೆಯೇ ನಾಶವಾಗುತ್ತದೆ.

ನೆಲಗಪ್ಪೆಗೆ ವೇಗವಾಗಿ ನೆಗೆಯುವ ಶಕ್ತಿಯಿಲ್ಲ. ಹಲ್ಲಿಲ್ಲ, ಉಗುರಿನ ಬಲವಿಲ್ಲ. ಹಾಗಿದ್ದರೂ ಅದು ಶತ್ರುಗಳ ನಡುವೆ ಬದುಕುತ್ತದೆ. ಅದರ ರಕ್ಷಣೆ ಇರುವುದು ಚರ್ಮದಲ್ಲಿ. ಕಣ್ಣುಗಳ ಹಿಂದೆ ಉಬ್ಬಿಕೊಂಡಿರುವ ಎರಡು ದಪ್ಪ ಗ್ರಂಥಿಗಳಲ್ಲಿ ಹಾಲಿನಂಥ ವಿಷರಸವಿದೆ. ನಾಯಿ ನೆಲಗಪ್ಪೆಯನ್ನು ಕಚ್ಚಿದರೆ ಈ ರಸ ಒಸರುತ್ತದೆ. ನಾಯಿಯ ಬಾಯಿಯಲ್ಲಿ ನೊರೆ ಬಂದು ಅದು ಕಪ್ಪೆಯನ್ನು ಉಗುಳಿಬಿಡುತ್ತದೆ. ವಿಷ ಹೆಚ್ಚಾಗಿ ಒಳಗೆ ಸೇರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಆದರೆ ಈ ಪ್ರಾಣಿ ಯಾರನ್ನೂ ಕಚ್ಚಿ ವಿಷವೇರಿಸುವುದಿಲ್ಲ. ಅದನ್ನು ಮುಟ್ಟಿದರೆ ಕೈಗೆ ನರುಳೆ ಹತ್ತುತ್ತದೆಂಬ ನಂಬಿಕೆಯೂ ತಪ್ಪು. ನರುಳೆಗೆ ಕಾರಣ ಒಂದು ವೈರಸ್. ಕಣ್ಣು ಬಾಯಿಗಳಿಗೆ ರಸ ತಾಗದಂತೆ ನೋಡಿಕೊಂಡು ಕೈ ತೊಳೆದುಕೊಂಡರೆ ಸಾಕು.

ವಿಷವುಳ್ಳ ಕಪ್ಪೆಗಳಲ್ಲಿ ಜಗತ್ಪ್ರಸಿದ್ಧವಾದವು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳ ಬಾಣವಿಷದ ಕಪ್ಪೆಗಳು. ಕೊಲಂಬಿಯ ದೇಶದ ಪೆಸಿಫಿಕ್ ಕರಾವಳಿಯ ಕಾಡಿನಲ್ಲಿ ಹೊನ್ನಿನ ಬಣ್ಣದ ಒಂದು ಕಪ್ಪೆಯಿದೆ. ವಿಜ್ಞಾನಿಗಳು 1978ರಲ್ಲಿ ಅದಕ್ಕೆ ಫಿಲೊಬೇಟಿಸ್ ಟೆರಿಬಿಲಿಸ್ ಎಂದು ಹೆಸರಿಟ್ಟರು. ಅದರ ಉದ್ದ ಸುಮಾರು 5 ಸೆಂಟಿಮೀಟರ್ ಮಾತ್ರ. ಆದರೆ ಅದರ ಚರ್ಮದಲ್ಲಿರುವ ವಿಷ ಹಲವು ಮನುಷ್ಯರನ್ನು ಕೊಲ್ಲಬಲ್ಲದು. ಅಲ್ಲಿನ ಎಂಬೆರಾ ಬುಡಕಟ್ಟಿನ ಜನರು ಊದುಗೊಳವೆಯ ಬಾಣಗಳ ತುದಿಯನ್ನು ಈ ಕಪ್ಪೆಯ ಬೆನ್ನಿಗೆ ಉಜ್ಜಿ ಬೇಟೆಯಾಡುತ್ತಿದ್ದರು.

ಈ ಎರಡು ಪ್ರಾಣಿಗಳ ವಿಷಗಳಲ್ಲಿ ಒಂದು ಮುಖ್ಯ ಭೇದವಿದೆ. ನೆಲಗಪ್ಪೆ ತನ್ನ ವಿಷವನ್ನು ತನ್ನ ದೇಹದಲ್ಲಿಯೇ ತಯಾರಿಸುತ್ತದೆ. ಬಾಣವಿಷದ ಕಪ್ಪೆಯಾದರೋ ತಾನು ತಿನ್ನುವ ಸಣ್ಣ ಕೀಟಗಳಿಂದ ಅದನ್ನು ಪಡೆದು ಚರ್ಮದಲ್ಲಿ ಕೂಡಿಡುತ್ತದೆ. ಆದುದರಿಂದಲೇ ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ, ಬೇರೆ ಆಹಾರ ತಿಂದು ಬೆಳೆದ ಮರಿಗಳಲ್ಲಿ ವಿಷವಿರುವುದಿಲ್ಲ. ಕಾಡು ಕಡಿದರೆ ಕೀಟಗಳು ಹೋಗುತ್ತವೆ, ಕೀಟಗಳೊಡನೆ ಕಪ್ಪೆಯ ರಕ್ಷಣೆಯೂ ಹೋಗುತ್ತದೆ. ಹೊನ್ನಿನ ಬಣ್ಣದ ಆ ಕಪ್ಪೆ ಇಂದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ಜಗತ್ತಿನ ಉಭಯವಾಸಿಗಳಲ್ಲಿ ಪ್ರತಿ ಐದು ಜಾತಿಗಳಿಗೆ ಎರಡು ಇಂಥ ಅಪಾಯದಲ್ಲಿವೆ.

ನೆಲಗಪ್ಪೆ ಇನ್ನೂ ಆ ಸ್ಥಿತಿಗೆ ಬಂದಿಲ್ಲ. ಆದರೆ ವಿಷವು ಅದನ್ನು ನಾಯಿಯಿಂದ ಕಾಪಾಡಬಲ್ಲದೇ ಹೊರತು, ಕೆಟ್ಟ ನೀರಿನಿಂದ ಕಾಪಾಡಲಾರದು. ಉಭಯವಾಸಿಗಳು ಚರ್ಮದ ಮೂಲಕವೂ ಉಸಿರಾಡುತ್ತವೆ, ಚರ್ಮದ ಮೂಲಕವೇ ನೀರನ್ನು ಹೀರುತ್ತವೆ. ನೀರಿನಲ್ಲಿ ಏನು ಕರಗಿದೆಯೋ ಅದು ಅವುಗಳ ಮೈಯನ್ನೂ ಸೇರಬಹುದು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ದಿಬ್ಬಗಳು ಇಂದಿಗೂ ನಿಂತಿವೆ. ಮಳೆ ಬಂದಾಗ ಆ ಮಣ್ಣು ಕೊಚ್ಚಿ ತಗ್ಗಿಗೆ ಹರಿಯುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಕಾರ್ಯ 2018ರಲ್ಲಿ ಆರಂಭವಾಯಿತು. ಬತ್ತಿದ ಕೆರೆಗಳು ತುಂಬಿದವು. ಆ ನೀರಿನ ಶುದ್ಧತೆಯನ್ನು ಕಾಯ್ದುಕೊಳ್ಳುವುದು ರೈತನಿಗೆಷ್ಟು ಮುಖ್ಯವೋ ಕಪ್ಪೆಗೂ ಅಷ್ಟೇ ಮುಖ್ಯ.

ಕಪ್ಪೆ ಇಲ್ಲವಾದರೆ ಆಗುವ ನಷ್ಟ ಸಣ್ಣದಲ್ಲ. ಅದು ಇರುಳೆಲ್ಲ ಗೆದ್ದಲು, ಇರುವೆ, ಜೀರುಂಡೆಗಳನ್ನು ತಿನ್ನುತ್ತದೆ. ಹಿಂದೆ ಭಾರತದಿಂದ ಗದ್ದೆಯ ದೊಡ್ಡ ಕಪ್ಪೆಗಳ ಕಾಲುಗಳನ್ನು ವಿದೇಶಗಳಿಗೆ ಮಾರಲಾಗುತ್ತಿತ್ತು. ಕಪ್ಪೆಗಳು ಕಡಿಮೆಯಾದಲ್ಲಿ ಬೆಳೆಗೆ ಕೀಟಗಳ ಹಾವಳಿ ಹೆಚ್ಚುವುದೆಂಬ ಆತಂಕ ಬೆಳೆಯಿತು. ಸರ್ಕಾರ 1987ರಲ್ಲಿ ಆ ರಫ್ತನ್ನು ನಿಷೇಧಿಸಿತು.

ಮಳೆ ಬಾರದ ವರ್ಷಗಳಲ್ಲಿ ಕರ್ನಾಟಕದ ಹಲವು ಹಳ್ಳಿಗಳ ಜನರು ಕಪ್ಪೆಗಳಿಗೆ ಮದುವೆ ಮಾಡಿಸುತ್ತಾರೆ. ಮಳೆಗೂ ಕಪ್ಪೆಗೂ ನಂಟಿದೆಯೆಂಬುದನ್ನು ಅವರು ಬಲ್ಲರು. ಆ ನಂಟು ಉಳಿಯಬೇಕಾದರೆ ಮಳೆಯ ನೀರು ನಿಲ್ಲಲು ಕೆರೆ ಬೇಕು, ಕುಂಟೆ ಬೇಕು. ಅವನ್ನು ಹೂಳಿನಿಂದಲೂ ಕಸದಿಂದಲೂ ಒತ್ತುವರಿಯಿಂದಲೂ ರಕ್ಷಿಸುವುದೇ ಕಪ್ಪೆಯ ರಕ್ಷಣೆ. ಅದೇ ನೀರನ್ನು ನಂಬಿದ ಮನುಷ್ಯನ ರಕ್ಷಣೆಯೂ ಅದರಲ್ಲಿಯೇ ಅಡಗಿದೆ.